ಸೋಲಿಸಲಾಗದ ಕಂಪ್ಯೂಟರ್ ಮತ್ತು ನಮ್ಮ ಚದುರಂಗ

ಮನುಷ್ಯರು ಸೋಲಿಸಲಾರದಂಥ ಕಂಪ್ಯೂಟರ್ ಬಂದರೆ ಚದುರಂಗದ ಗತಿಯೇನು ಎಂಬ ಪ್ರಶ್ನೆಯನ್ನು ಈಗಲೂ ಕೆಲವರು ಮುಂದೆಂದೋ ಬರಲಿರುವ ಆಪತ್ತಿನ ಬಗ್ಗೆ ಕೇಳುವ ಧಾಟಿಯಲ್ಲಿ ಕೇಳುತ್ತಾರೆ. ಅಂಥ ಕಂಪ್ಯೂಟರ್ ಬಂದು ಎರಡು ದಶಕಗಳಾಗುತ್ತ ಬಂದವು. 2006ರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರು ‘ಡೀಪ್ ಫ್ರಿಟ್ಜ್’ ಎಂಬ ತಂತ್ರಾಂಶದ ಎದುರು ಆರು ಆಟಗಳ ಪಂದ್ಯಕ್ಕೆ ಕುಳಿತರು. ಎರಡು ಆಟ ಸೋತು, ನಾಲ್ಕನ್ನು ಡ್ರಾ ಮಾಡಿಕೊಂಡು, 4–2ರಿಂದ ಪಂದ್ಯ ಕಳೆದುಕೊಂಡರು. ಅದಾದ ಮೇಲೆ ಯಾವ ವಿಶ್ವ ಚಾಂಪಿಯನ್ನೂ ಅಂಥ ಗಂಭೀರ ಪಂದ್ಯದ ಗೊಡವೆಗೆ ಹೋಗಿಲ್ಲ. ಆ ನವೆಂಬರಿನಲ್ಲಿ ಚೆನ್ನೈಯ ದೊಮ್ಮರಾಜು ಗುಕೇಶ್ ಆರು ತಿಂಗಳ ಕೂಸು. ಹದಿನೆಂಟು ತುಂಬಿದ ವರ್ಷವೇ ವಿಶ್ವ ಚಾಂಪಿಯನ್ ಆದ ಆ ಹುಡುಗ, ಮನುಷ್ಯರೇ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಕಾಲವನ್ನು ಕಂಡವನೇ ಅಲ್ಲ. ಹಾಗಾಗಿ ಭವಿಷ್ಯವನ್ನು ಊಹಿಸುವ ಮೊದಲು ಈ ಇಪ್ಪತ್ತು ವರ್ಷಗಳಲ್ಲಿ ಏನಾಯಿತು ಎಂದು ನೋಡುವುದು ಮೇಲು.

ಬಾನ್ ಪಂದ್ಯದ ಎರಡನೆಯ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ರಾಮ್ನಿಕ್ ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದರು, ಸೋಲುವಂಥ ಸ್ಥಿತಿಯೇನೂ ಅವರದಾಗಿರಲಿಲ್ಲ. 34ನೆಯ ನಡೆಯಲ್ಲಿ ಅವರು ತಮ್ಮ ರಾಣಿಯನ್ನು ನಿರಾಳವಾಗಿ ಇ3 ಮನೆಗೆ ತಂದಿಟ್ಟು, ಎದ್ದು ವಿಶ್ರಾಂತಿ ಕೋಣೆಯತ್ತ ಹೊರಡಲು ಅಣಿಯಾದರು. ಎಫ್8 ಮನೆಯಲ್ಲಿದ್ದ ಬಿಳಿ ಕುದುರೆಯ ಬೆಂಬಲದಿಂದ ಬಿಳಿಯ ರಾಣಿ ಎಚ್7ಕ್ಕೆ ಬಂದರೆ ಅಲ್ಲಿಗೆ ಚೆಕ್‌ಮೇಟ್. ಒಂದೇ ನಡೆಯ ಮೇಟ್. ಆಟ ಕಲಿತು ಕೆಲವು ತಿಂಗಳಾದ ಮಕ್ಕಳೂ ಹುಡುಕಬಲ್ಲದ್ದು. ಅದನ್ನು ಜಗತ್ತಿನ ಚಾಂಪಿಯನ್ ಕಾಣದೇ ಹೋದರು. ಆದರೂ ಆ ದಿನದಿಂದ ಕ್ರಾಮ್ನಿಕ್ ಅವರನ್ನು ಯಾರೂ ಕಡಿಮೆ ದರ್ಜೆಯ ಆಟಗಾರ ಎನ್ನಲಿಲ್ಲ. ಇಷ್ಟು ದೊಡ್ಡ ಆಟಗಾರ ಇಂಥದ್ದನ್ನು ಹೇಗೆ ಕಾಣದಾದರು ಎಂದು ಜನ ಇಂದಿಗೂ ಮಾತಾಡುತ್ತಾರೆ, ಡೀಪ್ ಫ್ರಿಟ್ಜ್ ಅದನ್ನು ಹೇಗೆ ಕಂಡಿತೆಂದು ಯಾರೂ ಕೇಳುವುದಿಲ್ಲ. ನೋಡುಗರ ಕುತೂಹಲ ಯಾವ ಕಡೆಗಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಬಲಾಬಲದ ಕತೆಯನ್ನು ಇನ್ನು ಎರಡು ಮಾತಿನಲ್ಲಿ ಮುಗಿಸಬಹುದು. 2009ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಟೂರ್ನಿಯಲ್ಲಿ ಮೊಬೈಲ್ ಫೋನಿನ ಮೇಲೆ ಓಡುತ್ತಿದ್ದ ‘ಪಾಕೆಟ್ ಫ್ರಿಟ್ಜ್ 4’ ಹತ್ತು ಆಟಗಳಲ್ಲಿ ಒಂಬತ್ತೂವರೆ ಅಂಕ ಗಳಿಸಿತು. ಅಂದರೆ ಸೂಪರ್ ಕಂಪ್ಯೂಟರ್ ಬೇಕೆಂಬ ಮಾತೂ ಅಲ್ಲಿಗೆ ಮುಗಿಯಿತು. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆಯ ‘ಆಲ್ಫಾಝೀರೋ’, ಮನುಷ್ಯರ ಒಂದು ಆಟವನ್ನೂ ನೋಡದೆ ತನ್ನೊಂದಿಗೆ ತಾನೇ ಆಡಿ ಕಲಿತು, ಆಗಿನ ಬಲಿಷ್ಠ ಎಂಜಿನ್ (ಚದುರಂಗ ಆಡುವ ತಂತ್ರಾಂಶ) ‘ಸ್ಟಾಕ್‌ಫಿಶ್ 8’ರ ವಿರುದ್ಧ ನೂರು ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು. ನಾರ್ವೆಯ ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಮುಟ್ಟಿದ ಅತಿ ಎತ್ತರದ ರೇಟಿಂಗ್, ಅಂದರೆ ಆಟದ ಬಲವನ್ನು ಅಳೆಯುವ ಅಂಕ, 2882. ಎಂಜಿನ್‌ಗಳ ರೇಟಿಂಗ್ 3500ನ್ನು ಎಂದೋ ದಾಟಿದೆ. ಎರಡೂ ಬೇರೆ ಬೇರೆ ಪಟ್ಟಿಗಳಾದ್ದರಿಂದ ಕಳೆದು ಕೂಡಿ ಲೆಕ್ಕ ಹಾಕುವುದು ಸರಿಯಲ್ಲ, ಆದರೆ ಅಂತರ ಎಷ್ಟೆಂದು ತಿಳಿಯಲು ಅಷ್ಟು ಸಾಕು.

1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ನ್ಯೂಯಾರ್ಕಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿದಾಗ, ಇನ್ನು ಈ ಆಟದಲ್ಲಿ ಏನೂ ಉಳಿಯಲಿಲ್ಲ ಎಂದು ಹೇಳಿದವರು ಬಹಳ ಮಂದಿ. ಆಗ ಭಾರತದಲ್ಲಿದ್ದ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು: 1988ರಲ್ಲಿ ಆ ಪಟ್ಟ ಪಡೆದ ವಿಶ್ವನಾಥನ್ ಆನಂದ್, ಅವರ ನಂತರ ದಿಬ್ಯೇಂದು ಬರೂವಾ, ಪ್ರವೀಣ್ ಠಿಪ್ಸೆ. ಇಂದು ಆ ಸಂಖ್ಯೆ ಎಂಬತ್ತೈದನ್ನು ದಾಟಿದೆ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರಿಂದ. ಆಮೇಲೆ ಸ್ಟ್ಯಾನಿ, ಗಿರೀಶ್ ಕೌಶಿಕ್, ಪ್ರಣವ್ ಆನಂದ್ ಒಬ್ಬರ ಹಿಂದೊಬ್ಬರು ಬಂದರು. 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತ ಮುಕ್ತ ಮತ್ತು ಮಹಿಳಾ ಎರಡೂ ವಿಭಾಗಗಳ ಚಿನ್ನ ಗೆದ್ದಿತು. ಇದೆಲ್ಲ ಕಂಪ್ಯೂಟರ್ ಇದ್ದರೂ ಆಯಿತು ಎಂದು ಹೇಳುವುದು ವಾಡಿಕೆ. ಕಂಪ್ಯೂಟರ್ ಇದ್ದುದರಿಂದಲೇ ಬಹುಪಾಲು ಆಯಿತು ಎಂಬುದು ನನ್ನ ಅಭಿಪ್ರಾಯ. ಹಿಂದೆ ಒಳ್ಳೆಯ ಆಟಗಾರನೊಬ್ಬ ತಯಾರಾಗಬೇಕಾದರೆ ಸೋವಿಯತ್ ಒಕ್ಕೂಟದಲ್ಲಿದ್ದಂಥ ಶಾಲೆ, ತರಬೇತುದಾರರು, ವರ್ಷಗಟ್ಟಲೆ ಕೂಡಿಟ್ಟ ಪುಸ್ತಕ ಮತ್ತು ಪತ್ರಿಕೆಗಳು ಬೇಕಾಗಿದ್ದವು. ಈಗ ಸಣ್ಣ ಊರಿನ ಹುಡುಗಿಯೊಬ್ಬಳು ಆಡಿದ ಆಟದಲ್ಲಿ ಎಲ್ಲಿ ತಪ್ಪಾಯಿತೆಂದು ಯಾವ ಗ್ರ್ಯಾಂಡ್‌ಮಾಸ್ಟರ್‌ಗಿಂತಲೂ ಖಚಿತವಾಗಿ, ಅದೂ ಪುಕ್ಕಟೆಯಾಗಿ, ಅವಳ ಅಪ್ಪನ ಫೋನೇ ಹೇಳುತ್ತದೆ. ಏಕೆ ತಪ್ಪಾಯಿತೆಂದು ಮಾತ್ರ ಹೇಳುವುದಿಲ್ಲ. ಅದಕ್ಕೆ ಇನ್ನೂ ಮನುಷ್ಯ ಗುರುವೇ ಬೇಕು, ಮತ್ತು ಆ ಗುರುಗಳಿಗೆ ಕೆಲಸವೇನೂ ಕಡಿಮೆಯಾದಂತಿಲ್ಲ.

ಇಷ್ಟು ಹೇಳಿ ಎಲ್ಲವೂ ಚೆನ್ನಾಗಿದೆ ಎಂದು ನಿಲ್ಲಿಸಿದರೆ ಅದು ಅರ್ಧ ಮಾತಾಗುತ್ತದೆ. ಕಂಪ್ಯೂಟರ್ ತಟ್ಟಿದ್ದು ಮೊದಲಿಗೆ ಆಟದ ಆರಂಭದ ಭಾಗವನ್ನು. ದೊಡ್ಡ ಪಂದ್ಯಗಳಲ್ಲಿ ಮೊದಲ ಹದಿನೈದು ಇಪ್ಪತ್ತು ನಡೆಗಳು ಎಷ್ಟೋ ಸಲ ಮಣೆಯ ಮುಂದೆ ಹುಟ್ಟುವುದೇ ಇಲ್ಲ. ತಿಂಗಳುಗಟ್ಟಲೆ ಎಂಜಿನ್ ಓಡಿಸಿ ಸಹಾಯಕರ ತಂಡ ಸಿದ್ಧಪಡಿಸಿ ಕೊಟ್ಟ ಕಡತವನ್ನು ಆಟಗಾರ ಬಾಯಿಪಾಠ ಮಾಡಿ ತಂದು ಒಪ್ಪಿಸುತ್ತಾನೆ. ಇಬ್ಬರ ಕಡತವೂ ಒಳ್ಳೆಯದಾಗಿದ್ದರೆ ಫಲಿತಾಂಶ ಡ್ರಾ. 2018ರಲ್ಲಿ ಲಂಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಫ್ಯಾಬಿಯಾನೊ ಕರುವಾನಾ ನಡುವಣ ವಿಶ್ವ ಚಾಂಪಿಯನ್‌ಷಿಪ್‌ನ ಹನ್ನೆರಡು ಕ್ಲಾಸಿಕಲ್ (ದೀರ್ಘಾವಧಿಯ) ಆಟಗಳೂ ಡ್ರಾ ಆದವು. ಪಟ್ಟ ಯಾರಿಗೆಂದು ಕೊನೆಗೆ ಕಡಿಮೆ ಅವಧಿಯ ರ‍್ಯಾಪಿಡ್ ಆಟಗಳಲ್ಲಿ ತೀರ್ಮಾನವಾಯಿತು. ಮತ್ತೊಂದು ಪಂದ್ಯಕ್ಕೆ ಸಿದ್ಧತೆ ನಡೆಸುವ ಉತ್ಸಾಹ ತಮಗಿಲ್ಲ ಎಂದು 2022ರಲ್ಲಿ ಹೇಳಿ ಕಾರ್ಲ್‌ಸನ್ ಪಟ್ಟವನ್ನೇ ಬಿಟ್ಟುಕೊಟ್ಟರು. ಜಗತ್ತಿನ ಅತ್ಯುತ್ತಮ ಆಟಗಾರ ಆಡುವುದಕ್ಕೆ ಬೇಸರಪಡದೆ ಓದುವುದಕ್ಕೆ ಬೇಸರಪಟ್ಟರು ಎಂದರೆ ಅದನ್ನು ಸೋಮಾರಿತನ ಎನ್ನಲಾಗದು.

ಇನ್ನೊಂದು ಬದಲಾವಣೆ ನೋಡುಗರದ್ದು. ಈಗ ನೇರ ಪ್ರಸಾರದಲ್ಲಿ ಮಣೆಯ ಪಕ್ಕದಲ್ಲೇ ಕಪ್ಪು ಬಿಳುಪಿನ ಒಂದು ಪಟ್ಟಿ ಇರುತ್ತದೆ. ಯಾರ ಸ್ಥಿತಿ ಎಷ್ಟು ಮೇಲೆಂದು ಎಂಜಿನ್ ಲೆಕ್ಕಹಾಕಿದಂತೆ ಅದು ಏರುತ್ತ ಇಳಿಯುತ್ತ ಇರುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಆಡಿದ ಹದಿನಾಲ್ಕನೆಯ ಆಟವನ್ನು ನೋಡಿದವರಿಗೆ ಆ ಪಟ್ಟಿಯ ಮಹಿಮೆಯೂ ಮಿತಿಯೂ ಒಟ್ಟಿಗೇ ಗೊತ್ತಾಗಿರುತ್ತದೆ. ಪಂದ್ಯ 6½–6½ರಲ್ಲಿ ಸಮವಾಗಿತ್ತು. ಇಬ್ಬರ ಬಳಿಯೂ ಒಂದೊಂದು ಆನೆ, ಒಂದೊಂದು ಒಂಟೆ. ಕಪ್ಪಿನ ಗುಕೇಶ್‌ಗೆ ಎರಡು ಕಾಲಾಳು, ಡಿಂಗ್‌ಗೆ ಒಂದು. ಪಟ್ಟಿ ನಡುವೆ ನಿಶ್ಚಲವಾಗಿ ನಿಂತು ಡ್ರಾ ಎನ್ನುತ್ತಿತ್ತು, ನೋಡುತ್ತಿದ್ದ ನಮ್ಮಲ್ಲಿ ಹಲವರು ಮರುದಿನದ ಟೈಬ್ರೇಕ್ ಬಗ್ಗೆ ಮಾತಾಡತೊಡಗಿದ್ದೆವು. 55ನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಅವರ ಒಂಟೆ ದೂರದ ಎ8 ಮೂಲೆಯಲ್ಲಿತ್ತು. ಆನೆಗಳು ಕಡಿದಾಡಿಕೊಂಡ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಡಿ5ಕ್ಕೆ ಇಟ್ಟರೆ ಒಂಟೆಗಳೂ ಹೋಗುತ್ತವೆ, ಉಳಿಯುವುದು ರಾಜರು ಮತ್ತು ಕಾಲಾಳುಗಳು ಮಾತ್ರ, ಅಲ್ಲಿ ಒಂದು ಕಾಲಾಳು ಹೆಚ್ಚಿರುವವನಿಗೆ ಗೆಲುವು ಖಚಿತ. ಪಟ್ಟಿ ಒಮ್ಮೆಲೇ ಕುಸಿಯಿತು. ಮನೆಯಲ್ಲಿ ಚಹಾ ಕುಡಿಯುತ್ತ ಕೂತವರಿಗೂ ಡಿಂಗ್ ಸೋತರೆಂದು ಗೊತ್ತಾಯಿತು, ಮಣೆಯ ಮುಂದೆ ಕೂತ ಇಬ್ಬರಿಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ. ಆನೆಯನ್ನು ಬೇರೆ ಕಡೆಗೆ ಸರಿಸುವುದರಲ್ಲಿದ್ದೆ, ಆಮೇಲೆ ಇದು ಕಂಡಿತು ಎಂಬರ್ಥದ ಮಾತನ್ನು ಗುಕೇಶ್ ನಂತರ ಹೇಳಿದರು. ಕಂಡ ಗಳಿಗೆಯಲ್ಲಿ ಅವರ ಮುಖದ ಮೇಲಾದ ಬದಲಾವಣೆಯನ್ನು, ನೀರು ಕುಡಿದು ಮತ್ತೆ ಮತ್ತೆ ಲೆಕ್ಕ ಪರೀಕ್ಷಿಸಿದ ಆ ಕೆಲವು ನಿಮಿಷಗಳನ್ನು ನೋಡಿದವರು ಮರೆಯಲಾರರು. 58 ನಡೆಗಳಿಗೆ ಆಟ ಮುಗಿಯಿತು.

ಆ ದಿನ ವಿಮರ್ಶಿಸಿದವರಲ್ಲಿ ಕೆಲವರು, ಡ್ರಾ ಆಗಬೇಕಿದ್ದ ಆಟವನ್ನು ಡಿಂಗ್ ತಾವಾಗಿ ಬಿಟ್ಟುಕೊಟ್ಟರು, ಇದೆಂಥ ವಿಶ್ವ ಚಾಂಪಿಯನ್‌ಷಿಪ್ ಎಂದರು. ನನಗೆ ಈ ಟೀಕೆ ಪಟ್ಟಿಯನ್ನು ನೋಡಿ ಆಟವನ್ನು ನೋಡದವರ ಟೀಕೆಯಾಗಿ ಕಾಣುತ್ತದೆ. ಸೊನ್ನೆ, ಅಂದರೆ ಇಬ್ಬರೂ ಸಮ, ಎಂದು ಎಂಜಿನ್ ತೋರಿಸುವ ಎರಡು ಸ್ಥಿತಿಗಳಲ್ಲಿ ಒಂದರಲ್ಲಿ ಯಾವ ನಡೆ ಇಟ್ಟರೂ ಡ್ರಾ ಆಗಬಹುದು, ಇನ್ನೊಂದರಲ್ಲಿ ಒಂದಾದ ಮೇಲೊಂದರಂತೆ ಹತ್ತು ಸಲ ಒಂದೇ ಒಂದು ಸರಿಯಾದ ನಡೆಯನ್ನು ಹುಡುಕಬೇಕಾಗಬಹುದು. ಆ ಭೇದವನ್ನು ಸೊನ್ನೆ ಹೇಳುವುದಿಲ್ಲ. ಗುಕೇಶ್ ಗೆಲುವಿನ ಸಾಧ್ಯತೆ ಕಡಿಮೆಯೆಂದು ತಿಳಿದೂ ಗಂಟೆಗಟ್ಟಲೆ ಒತ್ತಡ ಹಾಕಿದರು, ಡಿಂಗ್‌ಗಿಂತ ಹೆಚ್ಚು ಸಮಯವನ್ನು ಗಡಿಯಾರದಲ್ಲಿ ಉಳಿಸಿಕೊಂಡಿದ್ದರು, ಡ್ರಾಗೆ ಒಪ್ಪಲಿಲ್ಲ. ಎದುರಾಳಿ ತಪ್ಪು ಮಾಡುವ ತನಕ ಕೂತಿರುವುದು ಈ ಆಟದಲ್ಲಿ ಎಂದಿನಿಂದಲೂ ಒಂದು ವಿದ್ಯೆ. ತಪ್ಪೇ ಆಗದಿದ್ದರೆ ಚದುರಂಗದಲ್ಲಿ ಗೆಲುವೆಂಬುದೇ ಬಹುಶಃ ಇಲ್ಲ. ಈಚೆಗೆ ನಾನು ಆ ಪಟ್ಟಿಯನ್ನು ಮುಚ್ಚಿ ಆಟ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಅರ್ಧ ಅರ್ಥವಾಗುವುದಿಲ್ಲ, ಆದರೆ ಆಟಗಾರರೊಂದಿಗೆ ಒಂದೇ ಕತ್ತಲೆಯಲ್ಲಿರುವ ಸುಖವಿದೆ.

ಮೋಟಾರು ಬಂದ ಮೇಲೂ ಓಟದ ಸ್ಪರ್ಧೆ ನಿಂತಿಲ್ಲವಲ್ಲ ಎಂಬ ಹೋಲಿಕೆಯನ್ನು ಈ ವಿಷಯದಲ್ಲಿ ಪದೇ ಪದೇ ಕೊಡುತ್ತಾರೆ. ಸ್ವಲ್ಪ ದೂರ ಅದು ಸರಿ. ಆದರೆ ಓಟಗಾರ ಕಾರನ್ನು ನೋಡಿ ಓಡಲು ಕಲಿಯುವುದಿಲ್ಲ, ಕಾರನ್ನು ಜೇಬಿನಲ್ಲಿಟ್ಟುಕೊಂಡು ಮೈದಾನಕ್ಕೆ ಇಳಿಯಲೂ ಆಗುವುದಿಲ್ಲ. ಚದುರಂಗದಲ್ಲಿ ಎರಡೂ ಆಗುತ್ತವೆ.

ಹಾಗೆಂದು ಯಂತ್ರದಿಂದ ಏನೂ ಸತ್ತಿಲ್ಲ ಎನ್ನುವಂತಿಲ್ಲ. ಅಂಚೆಯ ಮೂಲಕ ಆಡುತ್ತಿದ್ದ ಚದುರಂಗ, ಈಗ ಅದು ಅಂತರ್ಜಾಲದಲ್ಲಿ ನಡೆಯುತ್ತದೆ, ಎಂಜಿನ್ ಬಳಕೆಗೆ ಅಧಿಕೃತವಾಗಿಯೇ ಅವಕಾಶ ಕೊಟ್ಟಿದೆ. ಪರಿಣಾಮವಾಗಿ ಅದರ ಉನ್ನತ ಮಟ್ಟದಲ್ಲಿ ಬಹುತೇಕ ಎಲ್ಲ ಆಟಗಳೂ ಡ್ರಾ. ಮನುಷ್ಯ ಮತ್ತು ಯಂತ್ರ ಕೂಡಿ ಆಡುವುದೇ ಭವಿಷ್ಯ ಎಂದು ಕಾಸ್ಪರೋವ್ ನಂಬಿದ್ದರು, 1998ರಲ್ಲಿ ಸ್ಪೇನಿನ ಲಿಯೋನ್‌ನಲ್ಲಿ ಬಲ್ಗೇರಿಯಾದ ವೆಸೆಲಿನ್ ಟೋಪಲೋವ್ ಜೊತೆ ಅಂಥದೊಂದು ಪಂದ್ಯವನ್ನೂ ಆಡಿ ತೋರಿಸಿದರು. 2005ರಲ್ಲಿ ಇಬ್ಬರು ಅಮೆರಿಕನ್ ಹವ್ಯಾಸಿಗಳು ಮೂರು ಸಾಮಾನ್ಯ ಕಂಪ್ಯೂಟರ್‌ಗಳ ನೆರವಿನಿಂದ ಇಂಥ ಟೂರ್ನಿಯೊಂದರಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಹಿಂದಿಕ್ಕಿ ಗೆದ್ದಾಗ ಆ ನಂಬಿಕೆ ಗಟ್ಟಿಯಾದಂತೆ ಕಂಡಿತು. ಇಂದು ಬಲಿಷ್ಠ ಎಂಜಿನ್ ಪಕ್ಕದಲ್ಲಿ ಕೂತ ಮನುಷ್ಯ ಅದರ ನಡೆಗೆ ಸೇರಿಸಬಹುದಾದ್ದು ಹೆಚ್ಚೇನೂ ಉಳಿದಿಲ್ಲ. ಕೃತಕ ಬುದ್ಧಿಮತ್ತೆಯ ಕುರಿತ ಭಾಷಣಗಳಲ್ಲಿ ಈ ಜೋಡಿಯಾಟದ ಉದಾಹರಣೆಯನ್ನು ಈಗಲೂ ಕೇಳುವಾಗ, ಅದರ ಮುಂದಿನ ಅಧ್ಯಾಯವನ್ನು ಓದದೆಯೇ ಮಾತಾಡುತ್ತಿದ್ದಾರೆ ಅನಿಸುತ್ತದೆ.

ಒಗಟಿಗೂ ಆಟಕ್ಕೂ ಇರುವ ಭೇದ ಇಲ್ಲಿ ಕೆಲಸಕ್ಕೆ ಬರುತ್ತದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆ ನಡೆಯ ಒಗಟುಗಳೆಂದರೆ ಅಪಾರ ಪ್ರೀತಿ. ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಅವರು ರಚಿಸಿದ್ದರು. ನಡೆದ ಕ್ರಮದಲ್ಲಿ ಮನೆಗಳಿಗೆ ಅಂಕಿ ಕೊಟ್ಟರೆ ಅಡ್ಡಸಾಲು, ಉದ್ದಸಾಲುಗಳ ಜೊತೆಗೆ ಎರಡೂ ಕರ್ಣಗಳ ಮೊತ್ತವೂ 260 ಆಗುವಂಥ ದಾರಿ ಇದೆಯೇ ಎಂದು ಈ ವಿದ್ಯೆಯ ಆಸಕ್ತರು ಬಹುಕಾಲ ಹುಡುಕಿದರು. 2003ರಲ್ಲಿ ಕಂಪ್ಯೂಟರ್ ಎಲ್ಲ ಸಾಧ್ಯತೆಗಳನ್ನೂ ಶೋಧಿಸಿ, ಇಲ್ಲ ಎಂದು ತೀರ್ಪು ಕೊಟ್ಟಿತು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು, ಏಕೆಂದರೆ ಒಗಟಿಗೆ ಉತ್ತರವೇ ಸರ್ವಸ್ವ. ಎದುರಿಗೊಬ್ಬ ಕೂತಿರುವ ಆಟ ಹಾಗೆ ಮುಗಿಯುವುದಿಲ್ಲ. ಮಣೆಯ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳಿರುವ ಎಲ್ಲ ಸ್ಥಿತಿಗಳ ನಿರ್ದುಷ್ಟ ಉತ್ತರವೂ ಈಗ ಕೋಷ್ಟಕಗಳಲ್ಲಿ ಸಿದ್ಧವಿದೆ. ಆದರೂ ಆನೆ ಮತ್ತು ಕಾಲಾಳಿನ ಅಂತ್ಯದಾಟದಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು ಇಂದಿಗೂ ಎಡವುತ್ತಾರೆ, ಏಕೆಂದರೆ ಕೋಷ್ಟಕ ಇರುವುದು ಸರ್ವರಿನಲ್ಲಿ. ಇದಕ್ಕೆ ಪ್ರತಿಯಾಗಿ ಒಂದು ಮಾತನ್ನೂ ಹೇಳಬೇಕು: ‘ಗೋ’ ಆಟದ ಮಹಾನ್ ಆಟಗಾರ ದಕ್ಷಿಣ ಕೊರಿಯಾದ ಲೀ ಸೆಡಾಲ್, 2016ರಲ್ಲಿ ಆಲ್ಫಾಗೋ ಎಂಬ ತಂತ್ರಾಂಶದ ಎದುರು 4–1ರಿಂದ ಸೋತು, 2019ರಲ್ಲಿ ನಿವೃತ್ತರಾದಾಗ, ಎಷ್ಟೇ ಮೇಲೇರಿದರೂ ಸೋಲಿಸಲಾಗದ ಒಂದು ಶಕ್ತಿ ಇದೆಯೆಂಬುದನ್ನೇ ಕಾರಣವಾಗಿ ಹೇಳಿದರು. ಅವರ ನೋವನ್ನು ನಾನು ಅಲ್ಲಗಳೆಯಲಾರೆ. ಅತ್ಯುನ್ನತ ಸ್ಥಾನದಲ್ಲಿದ್ದವರಿಗೆ ನಷ್ಟವಾಗಿದೆ. ನಮ್ಮಂಥ ಸಾಮಾನ್ಯರಿಗೆ ನಮಗಿಂತ ಬಲಶಾಲಿಗಳು ಮೊದಲೂ ಇದ್ದರು.

ಬಾಯಿಪಾಠದ ರೋಗಕ್ಕೆ ಮದ್ದುಗಳೂ ಬಂದಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದು 1996ರಲ್ಲಿ ಮಾಜಿ ವಿಶ್ವ ಚಾಂಪಿಯನ್ ಬಾಬ್ಬಿ ಫಿಷರ್ ಮುಂದಿಟ್ಟದ್ದು: ಹಿಂದಿನ ಸಾಲಿನ ಕಾಯಿಗಳನ್ನು ಪ್ರತಿ ಸಲವೂ ಕಲಸಿ ಜೋಡಿಸುವುದು. ಒಂಟೆಗಳು ಬೇರೆ ಬೇರೆ ಬಣ್ಣದ ಮನೆಗಳಲ್ಲಿರಬೇಕು, ರಾಜ ಎರಡು ಆನೆಗಳ ನಡುವೆ ಇರಬೇಕು ಎಂಬ ಷರತ್ತುಗಳೊಂದಿಗೆ 960 ಆರಂಭಗಳು ಸಿಗುತ್ತವೆ, ಅವನ್ನು ಬಾಯಿಪಾಠ ಮಾಡುವುದು ಯಾರಿಂದಲೂ ಆಗದು. 2019ರಲ್ಲಿ ಈ ಬಗೆಯ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ವೆಸ್ಲಿ ಸೋ ಅವರು ಕಾರ್ಲ್‌ಸನ್ ಅವರನ್ನು ದೊಡ್ಡ ಅಂತರದಲ್ಲಿ ಸೋಲಿಸಿದರು. ಅದೇ ಕಾರ್ಲ್‌ಸನ್ ಈಗ ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ ಇದರ ಮುಖ್ಯ ಪ್ರಚಾರಕ. ರಾಜ ಮತ್ತು ಆನೆ ಒಟ್ಟಿಗೆ ಸರಿದು ಕೋಟೆ ಕಟ್ಟುವ ನಡೆಯನ್ನೇ ತೆಗೆದುಹಾಕೋಣ ಎಂಬುದು ಕ್ರಾಮ್ನಿಕ್ ಸಲಹೆ. 2021ರಲ್ಲಿ ಡಾರ್ಟ್‌ಮುಂಡ್‌ನಲ್ಲಿ ಹಾಗೆ ಆಡಿದ ಪಂದ್ಯದಲ್ಲಿ ಅವರನ್ನು ಆನಂದ್ ಸೋಲಿಸಿದರು. ಇವೆಲ್ಲ ಇರಲಿ, ಆದರೆ ತಲೆಮಾರುಗಳಿಂದ ಬಂದ ಆರಂಭದ ವಿದ್ಯೆ ಬರೀ ಬಾಯಿಪಾಠವಲ್ಲ ಎಂದು ನನ್ನ ನಂಬಿಕೆ. ಸಿಸಿಲಿಯನ್ ಎಂಬ ಆರಂಭ ಆಡುವವನ ಸ್ವಭಾವಕ್ಕೂ ಕಾರೋ-ಕಾನ್ ಆಡುವವನ ಸ್ವಭಾವಕ್ಕೂ ವ್ಯತ್ಯಾಸವಿದೆ. ಕಲಸಿಟ್ಟ ಮಣೆಯಲ್ಲಿ ಆ ಗುರುತುಗಳು ಅಳಿಸುತ್ತವೆ. ಎರಡೂ ಪಕ್ಕಪಕ್ಕದಲ್ಲಿ ಬದುಕಲಿ ಎಂಬಲ್ಲಿಗೆ ನನ್ನ ನಿಲುವು.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಸಂಶಯ. ಮೇಲ್ಮಟ್ಟದ ಆಟಗಾರನಿಗೆ ಮೋಸ ಮಾಡಲು ಪ್ರತಿ ನಡೆಗೂ ಸಹಾಯ ಬೇಕಿಲ್ಲ. ಇಲ್ಲಿ ಏನೋ ಇದೆ, ಯೋಚಿಸು ಎಂದು ಇಡೀ ಆಟದಲ್ಲಿ ಒಂದೆರಡು ಸಲ ಯಾರಾದರೂ ಸೂಚನೆ ಕೊಟ್ಟರೆ ಸಾಕು. ಕಾಸ್ಪರೋವ್ 1997ರಲ್ಲಿ ಯಂತ್ರದ ಹಿಂದೆ ಮನುಷ್ಯನಿದ್ದಾನೆಂದು ಅನುಮಾನಿಸಿದ್ದರು. ಒಂಬತ್ತೇ ವರ್ಷಗಳಲ್ಲಿ ಅನುಮಾನ ತಿರುವುಮುರುವಾಯಿತು. ಬಾನ್ ಪಂದ್ಯಕ್ಕೆ ಎರಡು ತಿಂಗಳ ಮೊದಲು ರಷ್ಯಾದ ಎಲಿಸ್ಟಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ, ಕ್ರಾಮ್ನಿಕ್ ಪದೇ ಪದೇ ಶೌಚಾಲಯಕ್ಕೆ ಹೋಗುತ್ತಾರೆಂದು ಟೋಪಲೋವ್ ಕಡೆಯವರು ದೂರಿ, ಶೌಚಾಲಯಕ್ಕೆ ಬೀಗ ಬಿದ್ದು, ಪ್ರತಿಭಟಿಸಿದ ಕ್ರಾಮ್ನಿಕ್ ಒಂದು ಆಟವನ್ನೇ ಆಡದೆ ಕಳೆದುಕೊಂಡರು. ಅದೇ ಕ್ರಾಮ್ನಿಕ್ 2023ರಿಂದೀಚೆಗೆ ಆನ್‌ಲೈನ್ ಆಟಗಳ ಅಂಕಿಅಂಶಗಳನ್ನು ಮುಂದಿಟ್ಟು ಇತರರತ್ತ ಬೆರಳು ತೋರಿಸತೊಡಗಿದರು. 2019ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇಗೋರ್ಸ್ ರೌಸಿಸ್ ಎಂಬ ಗ್ರ್ಯಾಂಡ್‌ಮಾಸ್ಟರ್ ಶೌಚಾಲಯದಲ್ಲಿ ಫೋನ್ ಬಳಸಿ ಸಿಕ್ಕಿಬಿದ್ದು ಪಟ್ಟ ಕಳೆದುಕೊಂಡದ್ದು ಸಾಬೀತಾದ ಪ್ರಕರಣ. 2022ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹಾನ್ಸ್ ನೀಮನ್ ಎದುರು ಸೋತ ಕಾರ್ಲ್‌ಸನ್ ಟೂರ್ನಿಯಿಂದಲೇ ಹೊರನಡೆದದ್ದು ಬೇರೆ ಬಗೆಯದು: ಹಿಂದೆ ಆನ್‌ಲೈನಿನಲ್ಲಿ ತಪ್ಪು ಮಾಡಿದ್ದನ್ನು ನೀಮನ್ ಒಪ್ಪಿಕೊಂಡರೂ, ಮಣೆಯ ಮೇಲಿನ ಆ ಆಟದಲ್ಲಿ ಮೋಸವಾಗಿತ್ತೆಂಬುದಕ್ಕೆ ಪುರಾವೆ ಸಿಗಲಿಲ್ಲ, ಸಕಾರಣವಿಲ್ಲದೆ ಹಿಂದೆ ಸರಿದದ್ದಕ್ಕೆ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ ಕಾರ್ಲ್‌ಸನ್ ಅವರಿಗೆ ಹತ್ತು ಸಾವಿರ ಯೂರೊ ದಂಡ ಹಾಕಿತು.

ಈ ಗಾಳಿ ನಮ್ಮ ಊರುಗಳ ವಾರಾಂತ್ಯದ ಟೂರ್ನಿಗಳವರೆಗೂ ಬೀಸಿದೆ. ಕಲ್ಯಾಣ ಮಂಟಪದಲ್ಲಿ ಸಾಲಾಗಿ ಹಾಕಿದ ಮೇಜುಗಳ ಹೊರಗೆ, ಕಾರಿಡಾರಿನಲ್ಲಿ ನಿಂತ ಪಾಲಕರ ನಡುವೆ, ಹತ್ತು ವರ್ಷದ ಹುಡುಗನೊಬ್ಬ ತನಗಿಂತ ಮುನ್ನೂರು ಅಂಕ ಹೆಚ್ಚಿನ ರೇಟಿಂಗ್‌ನವರನ್ನು ಸೋಲಿಸಿ ಬಂದರೆ ಮೊದಲು ಕೇಳಿಬರುವುದು ಎರಡು ಸಲ ಹೊರಗೆ ಹೋಗಿದ್ದನಂತೆ ಎಂಬ ಪಿಸುಮಾತು. ಯಂತ್ರದಂತೆ ಆಡಿದ ಎಂಬುದು ಒಂದು ಕಾಲದಲ್ಲಿ ಹೊಗಳಿಕೆಯಾಗಿತ್ತು. ಆಟಗಾರನ ನಡೆಗಳನ್ನು ಎಂಜಿನ್ ನಡೆಗಳೊಂದಿಗೆ ಹೋಲಿಸಿ ನೋಡುವ ಸಂಖ್ಯಾಶಾಸ್ತ್ರದ ವಿಧಾನಗಳಿವೆ, ಆದರೆ ಅವು ಹೇಳುವುದು ಸಂಭವನೀಯತೆಯನ್ನು. ಒಂದೇ ಒಂದು ಒಳ್ಳೆಯ ಆಟ ಆಡಿದ ಮಗುವನ್ನು ಅವು ಅಪರಾಧಿ ಎನ್ನಲೂ ಆಗದು, ನಿರಪರಾಧಿ ಎನ್ನಲೂ ಆಗದು. ಫೋನ್‌ಗಳನ್ನು ಹೊರಗಿಡಿಸುವ ನಿಯಮವನ್ನು ಈಗ ಪಂದ್ಯದ ತೀರ್ಪುಗಾರರಾದ ಆರ್ಬಿಟರ್‌ಗಳು ಮೊದಲ ಸುತ್ತಿಗೆ ಮುನ್ನ ಮೈಕಿನಲ್ಲಿ ಓದಿ ಹೇಳುತ್ತಾರೆ. ದೂರನ್ನು ಆರ್ಬಿಟರ್‌ಗೇ ಕೊಡಬೇಕು, ಆಧಾರವಿಲ್ಲದೆ ಆರೋಪ ಹೊರಿಸಿದವರ ಮೇಲೂ ಕ್ರಮ ಕೈಗೊಳ್ಳಬಹುದು ಎಂಬುದೂ ಫಿಡೆ ನಿಯಮಗಳಲ್ಲೇ ಇದೆ. ಅದನ್ನೂ ಅದೇ ಮೈಕಿನಲ್ಲಿ, ಪಾಲಕರು ಹಾಲ್ ಬಿಟ್ಟು ಹೊರಡುವ ಮೊದಲೇ, ಓದಿ ಹೇಳುವುದು ಒಳ್ಳೆಯದು.